ಗೀರಿರುವ ಕಡೆಯ ಅಂಚು

ನಮ್ಮ ಮನೆಯಲ್ಲಿ ಸೋಮವಾರ, ಮಂಗಳವಾರ, ಶುಕ್ರವಾರ, ಶನಿವಾರ ಗಂಡಸರು ಗಡ್ಡ ಹೆರೆಯುವ ಹಾಗಿಲ್ಲ. ಸೋಮವಾರ ಶಿವನ ದಿನ, ಮಂಗಳವಾರ ಮತ್ತು ಶುಕ್ರವಾರ ದೇವಿಯ ದಿನ, ಶನಿವಾರದ ಬಗ್ಗೆ ಪ್ರಶ್ನೆ ಕೇಳಲೇಬಾರದು. ಈ ಕಾನೂನು ಮಾಡಿದವರು ನನ್ನ ಅತ್ತೆ. ಮದುವೆಯಾಗಿ ಬಸವೇಶ್ವರನಗರದ ಈ ಮನೆಗೆ ಬಂದ ಹೊಸತರಲ್ಲಿ ಅವರ ಭಕ್ತಿ ಕಂಡು ನಾನು ಬೆರಗಾಗಿದ್ದೆ. ಆ ಭಕ್ತಿಯ ಹಿಂದೆ ಒಂದು ಹೊಲಿಗೆ ಮಷೀನ್ ಇದೆ ಎಂದು ತಿಳಿಯುವುದಕ್ಕೆ ಆರು ತಿಂಗಳು ಬೇಕಾಯಿತು.

ಅತ್ತೆ ಸುತ್ತಮುತ್ತಲಿನ ಮನೆಗಳ ಹೆಂಗಸರಿಗೆ ಸೀರೆಗೆ ಫಾಲ್ ಹಾಕಿಕೊಡುತ್ತಿದ್ದರು, ಬಿಗಿಯಾದ ಬ್ಲೌಸ್ ಸಡಿಲ ಮಾಡಿಕೊಡುತ್ತಿದ್ದರು. ಮೇಲಿನ ಪೋರ್ಷನ್ನಿನವರು, ಪಕ್ಕದ ಪೋರ್ಷನ್ನಿನವರು, ಎದುರು ಮನೆಯವರು, ಎಲ್ಲರೂ ಹಬ್ಬ ಮುಗಿದ ಮೇಲೆ ಒಂದೊಂದು ಸುತ್ತು ದಪ್ಪಗಾಗುವ ಕಾರಣ ಕೆಲಸಕ್ಕೆ ಬರವಿರಲಿಲ್ಲ. ನಾನು ಬಂದ ಮೇಲೆ ಇಬ್ಬರೂ ಸೇರಿ ಮಾಡತೊಡಗಿದೆವು. ಹೊಸ ಹೊಲಿಗೆ ಹಾಕಬೇಕಾದರೆ ಮೊದಲು ಹಳೆಯ ಹೊಲಿಗೆ ಬಿಚ್ಚಬೇಕು. ಬಿಚ್ಚುವುದಕ್ಕೆ ಬ್ಲೇಡ್ ಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಪೊಟ್ಟಣದಿಂದ ಆಗತಾನೇ ತೆಗೆದ ಬ್ಲೇಡ್ ದಾರದ ಜೊತೆಗೆ ಬಟ್ಟೆಯನ್ನೂ ಕುಯ್ದುಬಿಡುತ್ತದೆ. ಹಳತಾಗಿ ಎಸೆಯುವ ಬ್ಲೇಡ್ ದಾರದ ಮೇಲೆ ಜಾರುತ್ತದೆ. ಒಂದೇ ಒಂದು ಸಲ ಗಡ್ಡ ಹೆರೆದ ಬ್ಲೇಡ್ ಇದೆಯಲ್ಲ, ಅದರ ಹದವೇ ಹದ. ಸಿಟ್ಟು ಇಳಿದಿರುತ್ತದೆ, ಚುರುಕು ಉಳಿದಿರುತ್ತದೆ. ಆದ್ದರಿಂದ ಮಾವ ಹೊಸ ಬ್ಲೇಡಿನಲ್ಲಿ ಒಂದು ಸಲ ಶೇವ್ ಮಾಡಿ ಕಚೇರಿಗೆ ಹೋದ ಮೇಲೆ ಅತ್ತೆ ರೇಜರ್ ಬಿಚ್ಚಿ, ಬ್ಲೇಡ್ ತೆಗೆದು, ಕೆಲಸ ಮುಗಿಸಿ, ಒರೆಸಿ, ಇದ್ದ ಹಾಗೇ ಇಡುತ್ತಿದ್ದರು. ನಿಧಾನವಾಗಿ ಕೆಲಸ ಮಾಡಲು ಎರಡು ದಿನ ಬಿಡುವು ಬೇಕಿತ್ತು, ಅದಕ್ಕೇ ಶಿವನೂ ದೇವಿಯೂ ಸಹಾಯಕ್ಕೆ ಬಂದರು.

ನಮ್ಮನ್ನು ಕಳ್ಳಿಯರು ಅನ್ನಬೇಡಿ. ನಾವು ಧರ್ಮ ಬಿಟ್ಟವರಲ್ಲ. ಬ್ಲೇಡಿಗೆ ಎರಡು ಅಂಚು, ನಾವು ಮುಟ್ಟುತ್ತಿದ್ದದ್ದು ಒಂದನ್ನು ಮಾತ್ರ. ಯಾವುದನ್ನು ಮುಟ್ಟಿದ್ದೇವೆ ಎಂಬುದು ಮರೆಯಬಾರದೆಂದು ಅತ್ತೆ ಒಂದು ಗುರುತು ಇಟ್ಟುಕೊಂಡಿದ್ದರು. ಮಾವನ ಹಿತ್ತಾಳೆ ರೇಜರ್ ಒಮ್ಮೆ ಬಚ್ಚಲ ಕಲ್ಲಿನ ಮೇಲೆ ಬಿದ್ದು ಅದರ ತಲೆಯ ಒಂದು ಪಕ್ಕಕ್ಕೆ ಗೀರು ಬಿದ್ದಿತ್ತು. “ಗೀರಿರೋ ಕಡೆ ನಮ್ದು, ಇನ್ನೊಂದು ಕಡೆ ಅವರ್ದು” ಎಂದು ನನಗೆ ಹೇಳಿಕೊಟ್ಟಿದ್ದರು. ಮಾವನಿಗೆ ಗೊತ್ತಿಲ್ಲದ ಈ ಪಾಲುಪಟ್ಟಿ ಅವರು ತೀರಿಕೊಳ್ಳುವವರೆಗೂ ನಡೆಯಿತು. ಅವರು ಹೋಗಿ ಈಗ ಒಂಬತ್ತು ವರ್ಷ. ರೇಜರ್ ನನ್ನ ಗಂಡನ ಕೈಗೆ ಬಂತು, ಗೀರಿರುವ ಕಡೆ ನನ್ನ ಕೈಗೆ ಬಂತು.

ನನ್ನ ಗಂಡ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವ ಮೇಷ್ಟ್ರು. ಜ್ಞಾನಭಾರತಿಯ ಕಡೆಗೆ ದಿನಾ ಸ್ಕೂಟರಿನಲ್ಲಿ ಹೋಗಿ ಬರುತ್ತಾರೆ. ಬಲಗೆನ್ನೆ ಉರಿಯುತ್ತದೆ ಎಂಬ ದೂರು ಆ ರೇಜರ್ ಕೈಗೆ ಬಂದಾಗಿನಿಂದಲೂ ಇತ್ತು. ಆದರೆ ಕಳೆದ ವರ್ಷ ಫೋನಿನಲ್ಲಿ ಯಾರೋ ಬ್ರಷ್ಷು, ಬಟ್ಟಲು ಇಟ್ಟುಕೊಂಡು ಹಳೆಯ ಕಾಲದ ಹಾಗೆ ಶೇವ್ ಮಾಡುವ ವೀಡಿಯೋ ನೋಡಿದ ಮೇಲೆ ಆ ದೂರು ಸಂಶೋಧನೆಯಾಯಿತು. ರೇಜರಿನ ತಲೆಯಲ್ಲಿ ಬ್ಲೇಡಿಗೂ ಕೆಳಗಿನ ತಗಡಿಗೂ ನಡುವೆ ಸಂದು ಕಡಿಮೆಯಿದ್ದರೆ ಅದು ಸಾಧು ರೇಜರ್ ಅಂತೆ, ಹೆಚ್ಚಿದ್ದರೆ ಉಗ್ರ. ಸಾಧು ರೇಜರಿಗೆ ಹರಿತವಾದ ಬ್ಲೇಡ್, ಉಗ್ರ ರೇಜರಿಗೆ ಮೃದುವಾದ ಬ್ಲೇಡ್ ಕೂಡಿಸಬೇಕಂತೆ. ನಮ್ಮ ಮದುವೆಗೆ ಜಾತಕ ಬೇಡವೇ ಬೇಡ ಅಂದಿದ್ದ ಮನುಷ್ಯ ಬ್ಲೇಡಿಗೆ ಸಾಲಾವಳಿ ನೋಡತೊಡಗಿದರು.

“ನೋಡೇ, ಶೇವ್ ಮಾಡೋದು ಬಲದ ಕೆಲಸ ಅಲ್ಲ. ರೇಜರ್ ತೂಕಾನೇ ಕೆಲಸ ಮಾಡ್ಬೇಕು. ಕೋನ ಮೂವತ್ತು ಡಿಗ್ರಿ. ಮೊದಲು ಕೂದಲು ಇಳಿಯೋ ದಿಕ್ಕಿಗೆ, ಆಮೇಲೆ ಅಡ್ಡಕ್ಕೆ. ಬ್ಲೇಡನ್ನ ಒರೆಸ್ಲೇಬಾರ್ದು, ಅಂಚು ಹಾಳಾಗುತ್ತೆ.”

“ಹೌದೇನ್ರೀ” ಅಂದೆ. ಆ ದಿನ ಬೆಳಿಗ್ಗೆಯಷ್ಟೇ ಒರೆಸಿಟ್ಟಿದ್ದೆ.

ಬಚ್ಚಲುಮನೆಯ ಬಾಗಿಲ ಒಳಗಡೆ ಒಂದು ಹಾಳೆ ಅಂಟಿಸಿದರು. ಬ್ಲೇಡ್ ಯಾವುದು, ಎಷ್ಟನೇ ಶೇವ್, ಎಡಗೆನ್ನೆಗೆ ಹತ್ತಕ್ಕೆ ಎಷ್ಟು, ಬಲಗೆನ್ನೆಗೆ ಎಷ್ಟು. ಗೀರಿಲ್ಲದ ಕಡೆಯಿಂದ ಎಡಗೆನ್ನೆ, ಆಮೇಲೆ ರೇಜರ್ ತಿರುಗಿಸಿ ಗೀರಿರುವ ಕಡೆಯಿಂದ ಬಲಗೆನ್ನೆ. ಇದು ಅವರಪ್ಪ ಕಲಿಸಿದ ಕ್ರಮವಾದ್ದರಿಂದ ತಪ್ಪುವ ಹಾಗಿರಲಿಲ್ಲ. ಜಪಾನಿನ ಬ್ಲೇಡ್ ಬಂತು, ರಷ್ಯಾದ್ದು ಬಂತು, ಈಜಿಪ್ಟಿನದು ಬಂತು. ಯಾವ ದೇಶದ್ದೇ ಆಗಲಿ, ಮೊದಲ ಶೇವಿನಲ್ಲಿ ಎರಡೂ ಕೆನ್ನೆಗೆ ಎಂಟೆಂಟು. ಎರಡನೆಯದರಲ್ಲಿ ಎಡಕ್ಕೆ ಎಂಟು, ಬಲಕ್ಕೆ ಮೂರು.

ಅತ್ತ ಹಿಂದಿನ ರೂಮಿನಲ್ಲಿ ನಮ್ಮ ಸಂಶೋಧನೆಯೂ ಸಾಗಿತ್ತು. “ಈ ಜಪಾನಿಂದು ರೇಷ್ಮೆಗೆ ಒಳ್ಳೇದು ಕಣಮ್ಮ. ರಷ್ಯಾದ್ದು ಕಾಟನ್ ಬ್ಲೌಸಿಗೆ ಸರಿ” ಎಂದು ಅತ್ತೆ ಕನ್ನಡಕ ಸರಿಪಡಿಸಿಕೊಂಡು ತೀರ್ಪು ಕೊಡುತ್ತಿದ್ದರು. ಒಂದೇ ಬ್ಲೇಡಿನ ಮೇಲೆ ಒಂದೇ ಮನೆಯಲ್ಲಿ ಎರಡು ಪ್ರಯೋಗ. ಒಂದರ ವರದಿ ಬಾಗಿಲ ಮೇಲೆ, ಇನ್ನೊಂದರದ್ದು ಅತ್ತೆಯ ಬಾಯಲ್ಲಿ. ನನಗೆ ನಗು ತಡೆಯಲಾಗದೆ ಎಷ್ಟೋ ಸಲ ಸೆರಗು ಬಾಯಿಗೆ ಹಿಡಿದುಕೊಂಡು ಒಗೆಯುವ ಕಲ್ಲಿನ ಹತ್ತಿರ ಹೋಗಿ ನಿಂತಿದ್ದೇನೆ.

ನಗು ನಿಂತದ್ದು ಆ ಫೈಲು ಸಿಕ್ಕಿದ ಭಾನುವಾರ. ಮಾವ ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲರ್ಕ್ ಆಗಿದ್ದವರು, ಬರೆದ ಪ್ರತಿ ಕಾಗದಕ್ಕೂ ನಕಲು ಇಡುತ್ತಿದ್ದರು. ಅಟ್ಟದ ಮೇಲೆ ಏನನ್ನೋ ಹುಡುಕುತ್ತಿದ್ದ ನನ್ನ ಗಂಡನಿಗೆ ಅವರು ಬೇರೆ ಬೇರೆ ಬ್ಲೇಡ್ ಕಂಪನಿಗಳಿಗೆ ಬರೆದ ಪತ್ರಗಳ ಕಟ್ಟು ಸಿಕ್ಕಿತು. ‘ವಿಷಯ: ತಮ್ಮ ಬ್ಲೇಡಿನ ಒಂದು ಅಂಚು ಎರಡನೆಯ ಬಳಕೆಯಲ್ಲೇ ಮೊಂಡಾಗುತ್ತಿರುವ ಬಗ್ಗೆ.’ ಮಾನ್ಯರೇ ಎಂದು ಶುರುವಾಗಿ, ತಮ್ಮ ವಿಶ್ವಾಸಿ ಎಂದು ಮುಗಿಯುವ ಏಳು ಪತ್ರ, ಏಳು ಕಂಪನಿಗಳಿಗೆ. ಎಲ್ಲದರಲ್ಲೂ ಬಲಗೆನ್ನೆಯ ಪ್ರಸ್ತಾಪ. ಕಂಪನಿಗಳು ಮರ್ಯಾದೆಯಿಂದ ಉತ್ತರ ಬರೆದು, ಜೊತೆಗೊಂದೊಂದು ಪೊಟ್ಟಣ ಉಚಿತವಾಗಿ ಕಳಿಸಿದ್ದವು. ಆ ಪೊಟ್ಟಣಗಳ ಗತಿಯೂ ಅದೇ ಆಯಿತೆಂದು ಬೇರೆ ಹೇಳಬೇಕಾಗಿಲ್ಲ.

ನನ್ನ ಗಂಡನ ಕಣ್ಣು ಹೊಳೆಯಿತು. “ಅಮ್ಮ, ಅಪ್ಪ ಪಾಪ ಬ್ಲೇಡನ್ನ ಬೈಕೊಂಡೇ ಹೋದ್ರು. ತಪ್ಪು ಬ್ಲೇಡಿಂದಲ್ಲ. ಈ ರೇಜರ್ ತಲೆ ಗೀರು ಬಿದ್ದಿರೋ ಕಡೆ ಸೊಟ್ಟ ಆಗಿದೆ. ಒಂದೇ ಸಲಕ್ಕೆ ಅಂಚನ್ನ ತಿಂದುಹಾಕುತ್ತೆ. ಅಪ್ಪನ ಮುಖಾನೂ ಕೆಡಿಸ್ತು, ನಂದೂ ಕೆಡಿಸ್ತಾ ಇದೆ.”

ಅಂದೇ ಹೊಸ ರೇಜರಿಗೆ ಆರ್ಡರ್ ಹೋಯಿತು. ಬುಧವಾರ ಡಬ್ಬಿ ಬಂತು. ಗುರುವಾರ ಬೆಳಿಗ್ಗೆ ಹೊಸ ಬ್ಲೇಡ್ ಹಾಕಿ ಮೊದಲ ಶೇವ್, ಎರಡೂ ಕೆನ್ನೆಗೆ ಎಂಟೆಂಟು. ಹೊಸ ರೇಜರಿಗೆ ಗೀರಿಲ್ಲವಲ್ಲ, ಪ್ರಯೋಗಕ್ಕೆ ಗುರುತು ಬೇಕೆಂದು ನನ್ನ ಕೆಂಪು ನೇಲ್ ಪಾಲಿಷ್ ತೆಗೆದುಕೊಂಡು ಬಲಗೆನ್ನೆ ಹೆರೆಯುವ ಪಕ್ಕಕ್ಕೆ ಒಂದು ಚುಕ್ಕೆ ಇಟ್ಟರು. ಹಳೆಯ ರೇಜರನ್ನು ಭಾನುವಾರ ಬರುವ ಗುಜರಿಯವನಿಗೆಂದು ಹಳೆ ಪೇಪರಿನ ರಾಶಿಯ ಮೇಲೆ ಹಾಕಿದರು.

“ಇರ್ಲಿ ಬಿಡೋ, ನನ್ನ ಪೆಟ್ಟಿಗೇಲಿ ಇಟ್ಕೋತೀನಿ” ಎಂದರು ಅತ್ತೆ.

“ಅಪ್ಪನ್ನ ಅಷ್ಟು ವರ್ಷ ಗೋಳು ಹುಯ್ಕೊಂಡಿದ್ದನ್ನ ಯಾಕಮ್ಮ ಇಟ್ಕೋತೀಯ” ಎಂದು ಸ್ಕೂಟರ್ ಹತ್ತಿದರು ಇವರು.

ಅತ್ತೆ ಆ ದಿನ ಮಧ್ಯಾಹ್ನ ಊಟ ಸರಿಯಾಗಿ ಮಾಡಲಿಲ್ಲ. ಅಡುಗೆಮನೆಯಲ್ಲಿ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದರು. “ಅವರು ಹೋದ ಮೇಲೂ ದಿನಾ ಬಚ್ಚಲ ಗೂಡಲ್ಲಿ ಅದನ್ನ ನೋಡ್ತಿದ್ದೆ ಕಣಮ್ಮ. ಅವರು ಇಲ್ಲೇ ಎಲ್ಲೋ ಇದಾರೆ ಅನ್ನಿಸ್ತಿತ್ತು. ಪೆಟ್ಟಿಗೇಲಿ ಇಟ್ಕೊಂಡ್ರೆ ಏನು ಬಂತು? ಕಳ್ಳತನ ಮಾಡಿದ್ದು ನಾನು, ಕೆಟ್ಟ ಹೆಸರು ಅದಕ್ಕೆ.” ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಆಗಲೇ ಒಪ್ಪಿಕೊಂಡಿದ್ದರೆ ಒಂದು ಕೆನ್ನೆಯಾದರೂ ಉಳಿಯುತ್ತಿತ್ತು. ಆದರೆ ಅತ್ತೆಯ ಕಣ್ಣು ಒಣಗುವಷ್ಟರಲ್ಲಿ ಅವರ ತಲೆ ಓಡಿತು. “ಹೊಸದೂ ಹಾಗೇ ಎಳೆದ್ರೆ? ಆಗ ಹಳೇದರ ತಪ್ಪಲ್ಲ ಅಂತ ಅವನಿಗೇ ಗೊತ್ತಾಗುತ್ತಲ್ಲ.” ಮಗ ಯಾವ ಪಕ್ಕ ಎಂಬುದಕ್ಕೆ ಕೆಂಪು ಚುಕ್ಕೆಯನ್ನೂ ಇಟ್ಟುಕೊಟ್ಟಿದ್ದನಲ್ಲ. ಶನಿವಾರ ನನ್ನ ಗಂಡ ಕಾಲೇಜಿಗೆ ಹೋದ ಮೇಲೆ ಎದುರು ಮನೆ ಆಂಟಿಯ ಜರಿ ಬ್ಲೌಸಿನ ಎರಡೂ ಪಕ್ಕ, ಎರಡೂ ತೋಳು ಚುಕ್ಕೆಯಿರುವ ಅಂಚಿನಿಂದ ಬಿಚ್ಚಿದೆವು. ಸಾಲದೆಂದು ಅತ್ತೆ ಒಂದು ಪೆನ್ಸಿಲನ್ನೂ ಚೂಪು ಮಾಡಿದರು. ಜೀವನದಲ್ಲಿ ಮೊದಲ ಸಲ ನಾವು ಅಗತ್ಯವಿಲ್ಲದೆ ಬ್ಲೇಡ್ ಮೊಂಡು ಮಾಡಿದ್ದು.

ಭಾನುವಾರ ಬೆಳಿಗ್ಗೆ ನನ್ನ ಗಂಡ ಬಚ್ಚಲುಮನೆಯಿಂದ ಹೊರಗೆ ಬಂದಾಗ ಬಲಗೆನ್ನೆಯ ಮೇಲೆ ಮೂರು ಕಡೆ ಪೇಪರಿನ ಚೂರು ಅಂಟಿತ್ತು. ಸಿಟ್ಟಿರಲಿಲ್ಲ. ಸೋತ ಮುಖವಿತ್ತು. ಕುರ್ಚಿಯ ಮೇಲೆ ಕೂತು, ಗಾಯಕ್ಕೆ ಉಜ್ಜುವ ಪಟಿಕದ ಕಲ್ಲನ್ನು ಕೈಯಲ್ಲಿ ತಿರುಗಿಸುತ್ತ ಹೇಳಿದರು.

“ಸಾಬೀತಾಯ್ತಮ್ಮ. ಬ್ಲೇಡ್ ತಪ್ಪಲ್ಲ, ರೇಜರ್ ತಪ್ಪೂ ಅಲ್ಲ. ತಪ್ಪು ನಮ್ಮ ಮುಖದ್ದು. ಅಪ್ಪಂಗೂ ಬಲಗೆನ್ನೆ, ನಂಗೂ ಬಲಗೆನ್ನೆ. ಈ ಕಡೆ ಗಡ್ಡ ಒಂದೇ ಸಲಕ್ಕೆ ಅಂಚನ್ನ ಮೊಂಡು ಮಾಡುತ್ತೆ. ವಂಶದಲ್ಲೇ ಬಂದಿದೆ. ಇನ್ಮೇಲೆ ಗಡ್ಡ ಬಿಡ್ತೀನಿ. ಎರಡು ರೇಜರೂ ಗುಜರಿಗೆ ಹೋಗ್ಲಿ.”

ಮಾಡಿದ್ದುಣ್ಣೋ ಮಹಾರಾಯ ಎಂಬುದು ಇದಕ್ಕೇ ಇರಬೇಕು. ಒಂದು ರೇಜರ್ ಉಳಿಸಲು ಹೋಗಿ ಎರಡನ್ನೂ ಕಳೆದುಕೊಳ್ಳುವುದರಲ್ಲಿದ್ದೆವು. ನಾನು ಅತ್ತೆಯ ಮುಖ ನೋಡಿದೆ. ನನ್ನ ಗಂಡ ಥೇಟು ಮಾವನ ಹಾಗೆಯೇ ಇದ್ದಾರೆ, ಅದೇ ದವಡೆ, ಅದೇ ಗಲ್ಲ. ಆ ಮುಖಕ್ಕೆ ದೋಷ ಅಂದದ್ದನ್ನು ಅತ್ತೆಗೆ ತಡೆದುಕೊಳ್ಳಲಾಗಲಿಲ್ಲ.

“ನಿಮ್ಮಪ್ಪನ ಮುಖಕ್ಕೆ ಯಾವ ದೋಷಾನೂ ಇರ್ಲಿಲ್ಲ ಕಣೋ. ನಿನ್ನ ಮುಖಕ್ಕೂ ಇಲ್ಲ. ದೋಷ ನಂದು” ಎಂದು ಎದ್ದು ನಿಂತು, ಫಾಲು, ಬ್ಲೌಸು, ಗೀರು, ಚುಕ್ಕೆ, ಪೆನ್ಸಿಲ್ಲು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟರು.

“ಇತ್ತೀಚಿನದೆಲ್ಲ ನಂದು ಕಣ್ರೀ” ಎಂದು ನಾನೂ ಸೇರಿಸಿದೆ.

ಅವರು ತೆರೆದಿದ್ದ ಬಚ್ಚಲ ಬಾಗಿಲ ಮೇಲಿನ ಹಾಳೆಯ ಕಡೆ ತಿರುಗಿ ನೋಡಿದರು. ಆಮೇಲೆ ಕೇಳಿದರು. “ಹಾಗಾದ್ರೆ ಸೋಮವಾರ?”

“ಫಾಲು” ಎಂದರು ಅತ್ತೆ.

“ಮಂಗಳವಾರ?”

“ಬ್ಲೌಸು.”

“ಶುಕ್ರವಾರ?”

“ಶುಕ್ರವಾರ ನಿಜವಾಗ್ಲೂ ದೇವಿ ದಿನ ಕಣೋ” ಎಂದು ಅತ್ತೆ ಕೆನ್ನೆ ತಟ್ಟಿಕೊಂಡರು. “ಶನಿವಾರ ಮಾತ್ರ ಕೇಳ್ಬೇಡ.”

ಅಷ್ಟರಲ್ಲಿ ಗೇಟಿನ ಹತ್ತಿರ ಗುಜರಿಯವನು ಕೂಗಿದ. ನನ್ನ ಗಂಡ ಎದ್ದು ಹೋಗಿ ಪೇಪರಿನ ರಾಶಿ ಎತ್ತಿಕೊಟ್ಟರು. ವಾಪಸು ಬಂದಾಗ ಹಳೆಯ ರೇಜರ್ ಕೈಯಲ್ಲಿತ್ತು. ಅದಕ್ಕೆ ಹೊಸ ಬ್ಲೇಡ್ ಹಾಕಿ ಉಳಿದಿದ್ದ ಗಡ್ಡವನ್ನು ಹೆರೆದುಕೊಂಡರು. ಬೈದಿದ್ದರೆ ನಮಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು.

ಆದರೆ ಮೊದಲ ಶೇವ್ ಯಾವಾಗಲೂ ಚೆನ್ನಾಗಿಯೇ ಇರುತ್ತಿತ್ತಲ್ಲ. ನಿಜವಾದ ಪರೀಕ್ಷೆ ಬುಧವಾರ. ಸೋಮವಾರ ಮೇಲಿನ ಪೋರ್ಷನ್ನಿನವರು ಮದುವೆಗೆ ಹೋಗಬೇಕೆಂದು ಮೂರು ಬ್ಲೌಸ್ ತಂದು ಸುರಿದರು. ಅತ್ತೆ, ನಾನು ಕತ್ತರಿಯ ತುದಿಯಿಂದ ಒಂದೊಂದೇ ಹೊಲಿಗೆ ಎತ್ತಿ ಬಿಚ್ಚಿದೆವು. ಬೆರಳು ನೊಂದವು. ಬಚ್ಚಲ ಗೂಡಿನಲ್ಲಿ ಹದವಾದ ಬ್ಲೇಡ್ ಕೂತಿದೆ ಎಂದು ಇಬ್ಬರಿಗೂ ಗೊತ್ತು. ಮಂಗಳವಾರ ಸಂಜೆ ಅತ್ತೆ ಎರಡು ಸಲ ಆ ಕಡೆ ಹೋಗಿ, ಕೈ ತೊಳೆದುಕೊಂಡು ವಾಪಸು ಬಂದರು.

ಬುಧವಾರ ಬೆಳಿಗ್ಗೆ ನನ್ನ ಗಂಡ ಎಂದಿಗಿಂತ ಹೆಚ್ಚು ಹೊತ್ತು ಒಳಗಿದ್ದರು. ಹೊರಗೆ ಬಂದಾಗ ಬಲಗೆನ್ನೆಯ ಮೇಲೆ ಅಂಗೈಯ ಹಿಂಭಾಗವನ್ನು ಕೆಳಗಿನಿಂದ ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು. ಹಳೆಯ ಗಾಯದ ಗುರುತು ಬಿಟ್ಟರೆ ಕೆನ್ನೆ ನುಣ್ಣಗಿತ್ತು. ಹಾಳೆ ನೋಡಿದೆ, ಎಂಟು, ಒಂಬತ್ತು. ಎರಡನೆಯ ಶೇವ್ ಮೊದಲನೆಯದಕ್ಕಿಂತಲೂ ನಯವಾಗಿರುತ್ತದಂತೆ, ವೀಡಿಯೋದವರು ಹೇಳಿದ್ದು ನಿಜವಂತೆ.

ಅವರು ಅತ್ತೆಯ ಎದುರು ಬಂದು ಕೂತರು. ಧ್ವನಿ ಸಣ್ಣಗಿತ್ತು. “ಅಪ್ಪ ಜೀವಮಾನದಲ್ಲಿ ಎರಡನೇ ಶೇವ್ ಅಂದ್ರೆ ಏನು ಅಂತಾನೇ ನೋಡ್ಲಿಲ್ಲ ಅಲ್ವೇನಮ್ಮ?”

ಅತ್ತೆ ಕೈಯಲ್ಲಿದ್ದ ಬ್ಲೌಸನ್ನು ಮಡಿಲ ಮೇಲೆ ಇಟ್ಟರು.

“ನೋಡಿದಾರೆ ಕಣೋ. ಮದುವೆಯಾದ ಹೊಸದ್ರಲ್ಲಿ, ಒಂದು ತಿಂಗಳು. ಆಮೇಲೆ ಅವರೇ ಹೋಗಿ, ನಂಗೆ ಬೇಜಾರಾಗ್ಬಾರ್ದು ಅಂತ, ಹೊಲಿಗೆ ಮಷೀನ್ ತಂದ್ಕೊಟ್ರು.”