ಸಾವಿರಾರು ಹೆಸರು ಮಷೀನು ಬದಲಿಸಿದ ಸಂಜೆ

ಆಗ ನನಗೆ ಅರವತ್ತು ತುಂಬಿತ್ತು. ಈ ಮಾತಿಗೆ ಈಗ ಹದಿನೇಳೋ ಹದಿನೆಂಟೋ ವರ್ಷ. ಭೀಮಾ ಹೊಳೆ ನಮ್ಮೂರಿನ ಒಳಗೇ ಬಂದ ವರ್ಷ ಅದು. ಮೊಬೈಲು ಊರಲ್ಲಿ ನಾಲ್ಕು ಮಂದಿಯ ಹತ್ತಿರ ಇತ್ತು. ಕಂಪ್ಯೂಟರನ್ನು ನಾನು ಬ್ಯಾಂಕಿನ ಗಾಜಿನ ಆಚೆ ನೋಡಿದ್ದೆ, ಅಷ್ಟೇ.

ನಮ್ಮದು ಮೋರಟಗಿಯ ಆಚೆ, ಹೊಳೆ ದಂಡೆಯ ಊರು. ನೀರು ಬಂದಾಗ ಗಂಡಸರು ದನ ಬಿಚ್ಚಲು ಓಡಿದರು, ನಮ್ಮನ್ನು ಲಾರಿಗೆ ಹತ್ತಿಸಿದರು. ನನ್ನ ಅಕ್ಕ ನಿಂಗವ್ವ ನನಗಿಂತ ಹತ್ತು ವರ್ಷ ದೊಡ್ಡವಳು, ಕಿವಿ ಮಂದ, ಓಲೆ ಎಳೆದು ಎಡಗಿವಿ ಹರಿದಿತ್ತು. ಅವಳ ಕೈ ನನ್ನ ಕೈಯಲ್ಲೇ ಇತ್ತು. ಪಕ್ಕದ ಊರಿನಿಂದ ತುಂಬಿಕೊಂಡು ಬಂದಿದ್ದ ಲಾರಿಯಲ್ಲಿ ಒಬ್ಬರಿಗೆ ಮಾತ್ರ ಜಾಗ ಇತ್ತು. ಅಕ್ಕನನ್ನು ಎತ್ತಿ ಒಳಗೆ ಹಾಕಿದರು, ನನ್ನನ್ನು ಹಿಂದಿನ ಲಾರಿಗೆ ತಳ್ಳಿದರು. ನನ್ನ ಲಾರಿ ಸಿಂದಗಿಯ ಶಾಲೆಗೆ ಬಂತು. ಅವಳದು ಬರಲಿಲ್ಲ. ಸಿಂದಗಿ ತುಂಬಿದ್ದರಿಂದ ಕೆಲವು ಲಾರಿಗಳನ್ನು ಇಂಡಿ, ಬಸವನ ಬಾಗೇವಾಡಿ, ಮುದ್ದೇಬಿಹಾಳದ ಕಡೆ ಕಳಿಸಿದ್ದಾರೆ ಅಂದರು. ಒಂದು ಲಾರಿ ಹಳ್ಳ ದಾಟುವಾಗ ಮಗುಚಿತು ಅಂತಲೂ ಅಂದರು. ಅವಳದು ಯಾವುದು ಅಂತ ಯಾರೂ ಹೇಳಲಿಲ್ಲ.

ಶಾಲೆಯ ಒಂದು ಕೋಣೆಯಲ್ಲಿ ಬಿಜಾಪುರದಿಂದ ಬಂದವರು ಕಂಪ್ಯೂಟರ್ ಹೂಡಿದ್ದರು. ಎಲ್ಲ ತಾಲೂಕಿನ ಆಶ್ರಯದ ಜಾಗಗಳಿಂದಲೂ ಅಲ್ಲಿಗೆ ಫೋನು ಬರುತ್ತಿತ್ತು. ಯಾರು ಎಲ್ಲಿದ್ದಾರೆ ಅಂತ ಆಚೆಯವರು ಹೇಳುವುದು, ಈಚೆ ಮೂವರು ಹೆಂಗಸರು ಕೇಳಿ ಮಷೀನಿಗೆ ಹಾಕುವುದು. ಕಳೆದುಹೋದವರನ್ನು ಹುಡುಕುವವರು ಕಿಟಕಿಗೆ ಬಂದು ಹೆಸರು ಕೇಳಿದರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಉತ್ತರ. ಇದೆಲ್ಲದಕ್ಕೆ ಯಜಮಾನಿ ಸುಮಂಗಲಾ ಎಂಬ ಹೆಣ್ಣುಮಗಳು. ಎರಡು ಮಕ್ಕಳ ತಾಯಿ, ಮಾತು ಕಡಿಮೆ.

ನಾನು ದಿನಾ ಹೋಗಿ ಕೇಳಿದೆ. ಹೆಸರು ನಿಂಗವ್ವ, ನಮ್ಮೂರು ಇಂಥದ್ದು. ದಿನಾ ಒಂದೇ ಉತ್ತರ. "ಇಲ್ಲ ಆಯಿ."

ಮೂರನೆಯ ದಿನ ಅಕ್ಕನ ಮಗ ಮಲ್ಲಪ್ಪ ಬಂದ. ಮೊಣಕಾಲಿನವರೆಗೆ ಕೆಸರು.

"ಚಿಗವ್ವಾ, ಹಳ್ಳದ ಕೆಳಗ ಒಂದು ಹೆಣಾ ಸಿಕ್ಕೈತಿ. ಮುದುಕಿ. ಹಸರ ಸೀರಿ. ಮುಖಾ ನೋಡಾಕ ಬರಾಂಗಿಲ್ಲ. ಅವ್ವನ ಇರಬೇಕು. ನಾಳಿ ಮುಂಜಾನಿ ಮಣ್ಣ ಮಾಡೂಣು."

"ಹಸರ ಸೀರಿ ಇಡೀ ಸೀಮ್ಯಾಗ ನಿಮ್ಮವ್ವ ಒಬ್ಬಾಕಿನ ಉಡ್ತಿದ್ದಳೇನು?"

"ಹಂಗಾರ ಎಲ್ಲಿ ಅದಾಳ, ನೀನ ಹೇಳು."

ಎದ್ದು ಮತ್ತೆ ಕಿಟಕಿಗೆ ಹೋದೆ. ಮುಚ್ಚಿತ್ತು. ಹೊರಗೆ ಮಂದಿ ಗದ್ದಲ ಹಾಕುತ್ತಿದ್ದರು. ನಾನು ಬಾಗಿಲು ದೂಡಿಕೊಂಡು ಒಳಗೆ ಹೋದೆ.

"ಕಿಟಕಿ ಯಾಕ ಮುಚ್ಚೀರಿ? ನನಗ ಸಂಜಿಯೊಳಗ ಗೊತ್ತಾಗಬೇಕು. ನಾಳಿ ಯಾರನ್ನೋ ನಮ್ಮಕ್ಕ ಅಂತ ಹುಗೀತಾರ."

ಸುಮಂಗಲಾ ಬೈಯಲಿಲ್ಲ. "ಕೂಡ್ರಿ ಆಯಿ. ಅಲ್ಲಿರೋ ವಾಯರ್ ಮಾತ್ರ ತುಳೀಬ್ಯಾಡ್ರಿ. ಈ ಮಷೀನು ಎಲ್ಲಾ ಹೆಸರು ನೆನಪಿನಾಗ ಇಟಗೊಂಡೈತಿ. ನೆನಪಿನಾಗಿಂದು ಬರದಿಡೋ ಡಿಸ್ಕು ಮುಂಜಾನಿ ಕೆಟ್ಟು ಕುಂತೈತಿ. ಈಗ ಕರೆಂಟ್ ಹೋತಂದ್ರ ಒಂದ ಹೆಸರೂ ಉಳಿಯಂಗಿಲ್ಲ."

"ಹಾಳಿ ಮ್ಯಾಲ ಬರಕೋಬೇಕಿತ್ತು."

"ಬರದು ಮುಗಸೂದ್ರಾಗ ಅರ್ಧಾ ಮಂದಿ ಇನ್ನೊಂದು ಊರಿಗೆ ಹೋಗಿರ್ತಾರ. ಹೊಸಾ ಮಷೀನ ತರಸೇನಿ. ಇದರ ನೆನಪನ್ನ ಅದಕ್ಕ ದಾಟಸಬೇಕು, ಇದನ್ನ ಆರಸಲಾರದ."

ಕರೆಂಟ್ ಊರಿಗೇ ಇರಲಿಲ್ಲ. ಹೊರಗೆ ಲಾಲೇಸಾಬನ ಜನರೇಟರು ಓಡುತ್ತಿತ್ತು. ಮದುವೆ ಮನೆಗಳಿಗೆ ಬಾಡಿಗೆ ಕೊಡುವ ಜನರೇಟರು. ಅವನು ಬಾಗಿಲಲ್ಲಿ ತಲೆ ಹಾಕಿದ. "ಬಾಯಾರ, ಬೆಲ್ಟು ಹರಿಯಾಕ ಬಂದೈತ್ರಿ. ಮದುವಿ ಮನ್ಯಾಗ ಲೈಟ್ ಹ್ವಾದ್ರ ಬೀಗರು ಬೈತಾರ. ಇಲ್ಲಿ ಹ್ವಾದ್ರ ನನಗ ದೇವರ ಬೈತಾನ. ಲಗೂನ ಮುಗಸ್ರಿ."

ಹೊಸ ಮಷೀನನ್ನು ಆಚೆ ಮೇಜಿನ ಮೇಲೆ ಇಟ್ಟಿದ್ದರು. ಅದರ ಕೆಳಗೆ ತುಂಬಿದ ದೊಡ್ಡ ಬ್ಯಾಟರಿ. ಹಳೆಯದರ ಕೆಳಗಿನ ಬ್ಯಾಟರಿ ಸಣ್ಣದು, ಸೋತದ್ದು.

"ಹಂಗಾರ ಆ ದೊಡ್ಡ ಬ್ಯಾಟರಿ ಇದಕ್ಕ ಹಚ್ಚಲ್ಲ" ಅಂದೆ.

"ಹಚ್ಚಬೇಕಂದ್ರ ಇದರ ವಾಯರ್ ಕೀಳಬೇಕು ಆಯಿ. ಕಿತ್ತ ಗಳಿಗಿಗೆ ಎಲ್ಲಾ ಮುಗೀತು."

ನಾನು ವಾಯರಿನಿಂದ ಕಾಲು ಹಿಂದಕ್ಕೆ ಎಳೆದುಕೊಂಡೆ.

ಎರಡು ಮಷೀನುಗಳ ನಡುವೆ ಒಂದು ವಾಯರು. ಬೆರಳಿನಷ್ಟೂ ದಪ್ಪ ಇಲ್ಲ. ಅದರೊಳಗೆ ಹೆಸರುಗಳು ಹೊರಟವು. ಒಂದು ಚೀಲದ ಜೋಳ ಇನ್ನೊಂದಕ್ಕೆ ಸುರಿದ ಹಾಗೆ ಇದು ಬರಿದಾಗುತ್ತದೆ, ಅದು ತುಂಬುತ್ತದೆ ಅಂತ ನಾನು ತಿಳಿದಿದ್ದೆ. ಹಾಗಾಗಲಿಲ್ಲ. ಹೊಸದು ತುಂಬುತ್ತಾ ಬಂತು, ಹಳೆಯದು ತುಂಬಿದ್ದು ತುಂಬಿದಂತೆಯೇ ಇತ್ತು. ಅಷ್ಟೇ ಅಲ್ಲ. ಫೋನು ನಿಂತಿರಲಿಲ್ಲ. ಮೂವರು ಹೆಂಗಸರು ಹೊಸ ಹೆಸರುಗಳನ್ನು ಹಳೆಯ ಮಷೀನಿಗೆ ಹಾಕುತ್ತಲೇ ಇದ್ದರು. ಆಮೇಲೆ ಬಂದ ಆ ಹೆಸರುಗಳೂ ಮುಂದಿನವುಗಳ ಬೆನ್ನು ಹತ್ತಿ ವಾಯರಿನಲ್ಲಿ ಹೊರಟವು. ಯಾರೂ ನಿಲ್ಲಲಿಲ್ಲ, ಯಾರೂ ಹಿಂದೆ ಉಳಿಯಲಿಲ್ಲ. ನಾನು ನೆರೆಯಲ್ಲಿ ಮಂದಿ ಲಾರಿ ಹತ್ತಿದ್ದನ್ನು ಕಣ್ಣಾರೆ ಕಂಡವಳು. ನೂಕಾಟ, ತುಳಿದಾಟ, ಕೈ ಬಿಟ್ಟದ್ದು. ಇಲ್ಲಿ ಸಾವಿರಾರು ಮಂದಿಯ ಹೆಸರು ಸದ್ದಿಲ್ಲದೆ ದಾಟುತ್ತಿತ್ತು.

ಆಗ ಜನರೇಟರಿನ ಸದ್ದು ಇಳಿಯಿತು. ಹೊರಗೆ ಲಾಲೇಸಾಬ ಏನೋ ಕೂಗಿದ. ಬಲ್ಬು ಆರಿತು. ಹಳೆಯ ಮಷೀನಿನ ಬ್ಯಾಟರಿ ಕೀಂ ಕೀಂ ಅಂತ ಬಡಿದುಕೊಳ್ಳತೊಡಗಿತು.

"ಯಾರೂ ಇನ್ನ ಒತ್ತಬ್ಯಾಡ್ರಿ" ಅಂದಳು ಸುಮಂಗಲಾ. ದನಿ ಏರಿಸಲಿಲ್ಲ. "ಫೋನು ಇಡಬ್ಯಾಡ್ರಿ. ಬಂದ ಹೆಸರು ಬಾಯಾಗ ಹಿಡೀರಿ. ಆಯಿ, ನೀವೂ ಹಿಡೀರಿ."

ಕೋಣೆಯಲ್ಲಿ ಅರೆಗತ್ತಲು, ಪೆನ್ನು ಹುಡುಕುವಷ್ಟು ಪುರುಸೊತ್ತಿಲ್ಲ. ಫೋನು ಹಿಡಿದವಳು ಕೇಳಿದ್ದನ್ನು ಜೋರಾಗಿ ಹೇಳಿದಳು, ನಾನು ಹಿಡಿದೆ. ಯಂಕಂಚಿ ಶರಣಪ್ಪ, ಅವನ ಹೆಂಡತಿ ಕಾಶೀಬಾಯಿ, ಕನ್ನೊಳ್ಳಿ ಹಸೀನಾಬಿ. ಮೂವರೂ ಇಂಡಿಯಲ್ಲಿದ್ದಾರೆ. ಬೀಸುವ ಕಲ್ಲಿನ ಮುಂದೆ ಹಾಡು ಹಿಡಿದಂತೆ ಅದನ್ನೇ ಹೇಳಿಕೊಳ್ಳುತ್ತಾ ಕೂತೆ. ಅವರ ಮುಖವನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಆದರೆ ಆ ಹೊತ್ತು ನನ್ನ ನಾಲಿಗೆ ತಪ್ಪಿದರೆ ಅವರು ಹೊಳೆಗೆ ಬಿದ್ದಂತೆ ಅನ್ನಿಸಿತ್ತು.

ಸುಮಂಗಲಾ ಎರಡೂ ಮಷೀನುಗಳ ಮುಖ ನೋಡುತ್ತಾ ನಿಂತಳು. ಇದರಲ್ಲಿ ಎಷ್ಟು ಹೆಸರು, ಅದರಲ್ಲಿ ಎಷ್ಟು. ಆಮೇಲೆ "ಕೂಡಿತು" ಅಂದಳು. ಮೂವರು ಹೆಂಗಸರು ಅಕ್ಷರ ಒತ್ತುತ್ತಿದ್ದ ಹಲಗೆಗಳ ವಾಯರುಗಳನ್ನು ಕಿತ್ತು ಹೊಸದಕ್ಕೆ ಸಿಕ್ಕಿಸಿದಳು. ಅಷ್ಟರಲ್ಲಿ ಹಳೆಯದು ಒಂದು ಸಲ ಮಿಣುಕಿ ಸತ್ತಿತು. ಒಳಗೆ ಗಿರಗಿರ ತಿರುಗುತ್ತಿದ್ದದ್ದು ನಿಂತಿತು. ಅದರೊಳಗಿದ್ದ ಅಷ್ಟೂ ಮಂದಿ ಹೋದರು. ಮತ್ತು ಅಷ್ಟೂ ಮಂದಿ ಆಚೆ ಮೇಜಿನ ಮೇಲೆ ಇದ್ದರು. ನಾನು ಇದನ್ನು ಹೇಗೆ ಬರೆಯಲಿ? ಕಂಡಷ್ಟು ಬರೆದಿದ್ದೇನೆ.

ಮೊದಲು ಬಾಯಲ್ಲಿ ಹಿಡಿದ ಹೆಸರುಗಳನ್ನು ಹಾಕಿಸಿದೆವು. ನನ್ನ ಮೂವರನ್ನು ನಾನು ಒಂದೇ ಉಸಿರಿಗೆ ಹೇಳಿದೆ.

"ಲೆಕ್ಕಾ ಕೂಡೈತಿ ಖರೆ. ಹೆಸರು ಕೆಡಲಾರದಂಗ ಬಂದಾವೇನು ನೋಡಬೇಕು" ಅಂದಳು ಸುಮಂಗಲಾ. "ಆಯಿ, ನಿಮ್ಮ ಹೆಸರು, ಊರು ಹೇಳ್ರಿ. ಅದನ್ನ ಮೊದಲ ಹುಡಕೂಣು."

ಹೇಳಿದೆ. ಅವಳು ಒತ್ತಿದಳು. ನೋಡಿ ಮತ್ತೊಮ್ಮೆ ಒತ್ತಿದಳು.

ಅಕ್ಷರ ಕಲಿಸುವ ಸಂಜೆ ಶಾಲೆಗೆ ಹೋಗಿ ಆ ಹೊತ್ತಿಗೆ ನಾನು ಕಲಿತದ್ದು ನನ್ನ ಹೆಸರು ಒಂದೇ, ಉಳಿದದ್ದೆಲ್ಲ ಆಮೇಲೆ. ಆ ಪರದೆಯ ಮೇಲೆ ಅದು ಎರಡು ಸಲ ಇತ್ತು. ಗೌರವ್ವ. ಕೆಳಗೆ ಮತ್ತೆ ಗೌರವ್ವ.

"ದಾಟೂ ಮುಂದ ಎರಡೆರಡು ಆಗ್ಯಾವೇನು?" ಅಂದಳು, ಯಾರಿಗೆ ಅಂತಿಲ್ಲ. "ಎಲ್ಲಾ ಹಿಂಗ ಆಗಿದ್ರ ಯಾವುದು ಖರೆ, ಯಾವುದು ಸುಳ್ಳ ಅಂತ ಹೆಂಗ ಹೇಳೂದು?"

"ಎರಡನೇದು ಓದು" ಅಂದೆ.

ಓದಿದಳು. "ಗೌರವ್ವ. ನಿಮ್ಮೂರ ಐತಿ. ಇರೂದು ಬಸವನ ಬಾಗೇವಾಡಿ. ವಯಸ್ಸು ಎಪ್ಪತ್ತರ ಸುತ್ತು. ಎಡಗಿವಿ ಹರದೈತಿ. ಗಂಡನ ಹೆಸರು..." ಅಲ್ಲಿಗೆ ನಿಂತಳು. "ಗಂಡನ ಹೆಸರು ಕೇಳಿದ್ರ ಬೈತಾಳ ಅಂತ ಬರಸ್ಯಾರ."

ಫೋನು ಹಿಡಿದವಳು ಕಿಸಕ್ಕನೆ ನಕ್ಕಳು. ನನಗೆ ನಗಲೂ ಬರಲಿಲ್ಲ.

"ಎರಡೆರಡು ಆಗಿಲ್ಲ ಬಾಯಿ. ಅಕಿ ನಮ್ಮಕ್ಕ."

ನಮ್ಮಲ್ಲಿ ಹಳೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಅಕ್ಕನ ಗಂಡ ಸತ್ತು ಇಪ್ಪತ್ತು ವರ್ಷವಾಗಿದ್ದರೂ ಅವಳು ಹೇಳಿದವಳಲ್ಲ. ಬಾಗೇವಾಡಿಯಲ್ಲಿ ಬರೆದುಕೊಳ್ಳುವವರು ಬಂದ ಕೂಡಲೇ ಅದನ್ನೇ ಮೊದಲು ಕೇಳಿದ್ದಾರೆ. ಇವಳು ಸಿಟ್ಟಾಗಿ ಬೈದು, ಆಮೇಲೆ ಬಾಯಿ ತೆರೆದಿಲ್ಲ. ಜೊತೆಗೆ ಬಂದ ಪಕ್ಕದ ಊರಿನ ಹೆಂಗಸರಿಗೆ ಅವಳು ಎಲ್ಲಿ ಹತ್ತಿದಳು ಅಂತ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ದಾರಿಯುದ್ದಕ್ಕೂ "ಗೌರವ್ವಾ, ಗೌರವ್ವಾ" ಅಂತ ನನ್ನನ್ನು ಕೂಗಿದ್ದಾಳೆ. ಅವಳ ಹೆಸರೇ ಗೌರವ್ವ ಅಂತ ಬರೆಸಿಬಿಟ್ಟಿದ್ದಾರೆ. ನಾನು ಮೂರು ದಿನ ನಿಂಗವ್ವನನ್ನು ಹುಡುಕಿದೆ.

ಬಾಗೇವಾಡಿಗೆ ಫೋನು ಮಾಡಿಸಿದೆ. "ಅಕಿಗೆ ಕಿವಿ ಕೇಳಂಗಿಲ್ಲ. ಗೌರವ್ವ ಸಿಂದಗ್ಯಾಗ ಅದಾಳ ಅಂತ ಕಿವ್ಯಾಗ ಒದರ್ರಿ, ಏನಂತಾಳ ಕೇಳ್ರಿ" ಅಂದೆ.

ಬಹಳ ಹೊತ್ತಿನ ಮೇಲೆ ಆ ಕಡೆಯವರು ಹೇಳಿದರು. "ಇಷ್ಟ ದಿನಾ ಎಲ್ಲಿ ಸತ್ತಿದ್ದಳು ಕೇಳ್ರಿ ಅಂತಾಳ್ರಿ."

ಹೊರಗೆ ಲಾಲೇಸಾಬ ಬೆಲ್ಟಿಗೆ ಹಗ್ಗ ಸುತ್ತುತ್ತಾ ಕೂತಿದ್ದ. ಮಲ್ಲಪ್ಪ ಸುದ್ದಿ ಕೇಳಿ ಗೋಡೆಗೆ ಆತು ನಿಂತ, ಆಮೇಲೆ ಕೇಳಿದ. "ಹಂಗಾರ ಆ ಹೆಣಾ ಯಾರದು ಚಿಗವ್ವ?"

ನನ್ನ ಬದುಕಿನಲ್ಲಿ ದೊಡ್ಡ ದೊಡ್ಡವರ ಭಾಷಣ ಕೇಳಿದ್ದೇನೆ, ದೊಡ್ಡ ದೊಡ್ಡ ಕಟ್ಟಡ ನೋಡಿದ್ದೇನೆ. ಅವು ಯಾವುವೂ ಕಣ್ಣ ಮುಂದೆ ಉಳಿದಿಲ್ಲ. ಆ ವಾಯರು ಉಳಿದಿದೆ. ಮನುಷ್ಯರ ಕೈಯಲ್ಲಿ ಅಂಥ ಕೆಲಸ ಆಗುತ್ತದೆ ಅಂತ ನೋಡದಿದ್ದರೆ ನಾನು ನಂಬುತ್ತಿರಲಿಲ್ಲ.

ಮರುದಿನ ಮುಂಜಾನೆ ನಾನು ನೇರ ಬಾಗೇವಾಡಿಗೆ ಹೋಗಲಿಲ್ಲ. ಮಲ್ಲಪ್ಪನ ಜೊತೆ ಹಳ್ಳದ ದಂಡೆಗೆ ಹೋಗಿ ಆ ಹೆಂಗಸನ್ನು ನೋಡಿದೆ. ಹಸಿರು ಸೀರೆ; ಕೆಸರು ತೊಳೆದ ಮೇಲೆ ಬಲಗೈಯಲ್ಲಿ ಎರಡು ಗಾಜಿನ ಬಳೆ, ಕಾಲಿಗೆ ಬೆಳ್ಳಿ ಉಂಗುರ ಕಂಡವು. ಪೊಲೀಸರೂ ಬರೆದುಕೊಂಡರು. ಮಲ್ಲಪ್ಪನ ಮೊಬೈಲಿನಿಂದ ಸುಮಂಗಲಾಗೆ ಅಷ್ಟನ್ನೂ ಹೇಳಿ, ಹೆಸರಿನ ಜಾಗ ಖಾಲಿ ಬಿಡಿಸಿ ಮಷೀನಿಗೆ ಹಾಕಿಸಿದೆ. ಯಾರಾದರೂ ಕೇಳಿಕೊಂಡು ಬಂದರೆ ಸಿಗಲಿ ಅಂತ. ಆಮೇಲೆ ಅವಳ ಮೇಲೆ ಒಂದು ಹಿಡಿ ಮಣ್ಣು ಹಾಕಿ, ಹಳ್ಳದಲ್ಲಿ ಕೈ ತೊಳೆದುಕೊಂಡು, ಬಾಗೇವಾಡಿಯ ಲಾರಿ ಹತ್ತಿದೆ.