ಥಿಯೇಟರ್ ಬಾಗಿಲವರೆಗೆ ಬಂದ ಕೌದಿ

ನನ್ನ ಥಿಯೇಟರಿನಲ್ಲಿ ಬಾಣಂತಿಯ ಹಲ್ಲು ಕಟಕಟ ಎನ್ನಬಾರದು. ಹೀಗೆ ಹೇಳಿದಾಗ ಹೊಸ ಡಾಕ್ಟರುಗಳು ಮುಸಿಮುಸಿ ನಗುತ್ತಾರೆ. ನಗಲಿ. ಹುನಗುಂದ ಕಡೆಯ ಸಣ್ಣ ಹೆರಿಗೆ ಆಸ್ಪತ್ರೆಯೊಂದರಲ್ಲಿ ಹದಿನೆಂಟು ವರ್ಷದಿಂದ ಆಪರೇಷನ್ ಥಿಯೇಟರಿನ ನರ್ಸು ನಾನು. ಅಷ್ಟು ಸೊಕ್ಕು ನನಗಿದೆ, ಬಿಡುವ ಇರಾದೆಯೂ ಇಲ್ಲ.

ಆದರೆ ಮೊದಲ ಎಷ್ಟೋ ವರ್ಷ ಆ ನಡುಕವನ್ನು ನಾನೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಸಿಜೇರಿಯನ್‌ಗೆಂದು ಬೆನ್ನಿಗೆ ಸೂಜಿ ಕೊಟ್ಟ ಮೇಲೆ ಕೆಳಗಿನ ಮೈ ಜೋಮು ಹಿಡಿಯುತ್ತದೆ, ಒಳಗಿನ ಬಿಸಿ ಇಳಿಯುತ್ತದೆ, ಎಷ್ಟೋ ಹೆಂಗಸರು ಗಡಗಡ ನಡುಗುತ್ತಾರೆ. ಸ್ವಲ್ಪ ಹೊತ್ತಿಗೆ ಹೋಗುತ್ತದೆ ಎಂದು ಹೇಳಿ ನಮ್ಮ ಕೆಲಸ ನಾವು ನೋಡುತ್ತಿದ್ದೆವು. ಹೊರಗೆ ಬಿಸಿಲು ನೆತ್ತಿ ಸುಡುವಾಗ ಚಳಿಯ ಮಾತು ಯಾರ ತಲೆಗೆ ಹೋಗುತ್ತದೆ? ಸಲೈನ್ ಬಾಟಲಿ ಬೆಚ್ಚಗಿಡುವ ಪೆಟ್ಟಿಗೆಯೊಂದು ಬಂದು ವರ್ಷವಾಗಿತ್ತು. ಅದರಲ್ಲಿ ನಮ್ಮ ರೊಟ್ಟಿ, ಪಲ್ಯದ ಡಬ್ಬಿಗಳು ಬೆಚ್ಚಗಿರುತ್ತಿದ್ದವು.

ನಮ್ಮ ಕಡೆ ಹೆರಿಗೆಗೆ ಬರುವವಳ ಜೊತೆ ತವರಿನ ಕೌದಿಯೂ ಬರುತ್ತದೆ, ಹಳೆಯ ಇಳಕಲ್ ಸೀರೆಗಳನ್ನು ಪದರಪದರವಾಗಿ ಇಟ್ಟು ಹೊಲಿದ ಹೊದಿಕೆ. ಆಪರೇಷನ್ನಿಗೆ ಮೊದಲು ಅದನ್ನು ಕಿತ್ತುಕೊಂಡು, ತೆಳು ಗೌನು ಹಾಕಿಸಿ, ಫ್ಯಾನಿನ ಕೆಳಗೆ ಕೂರಿಸುವವಳು ನಾನೇ. ಅದನ್ನು ಸ್ವಚ್ಛತೆ ಎಂದುಕೊಂಡಿದ್ದೆ.

ಒಂದು ಬೇಸಿಗೆಯ ಬೆಳಗ್ಗೆ ರಾಮಥಾಳದ ಒಬ್ಬಾಕೆ ಎರಡನೇ ಸಿಜೇರಿಯನ್‌ಗೆ ಬಂದಳು. ಕೌದಿಗೆ ಕೈ ಹಾಕಿದರೆ ಬಿಡಲೊಲ್ಲಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಗದರಿದೆ. ಆಕೆ ಅಳಲಿಲ್ಲ.

"ಹೊಟ್ಟಿ ಕೊಯ್ಯೂದಕ್ಕ ನಾ ಅಂಜೂದಿಲ್ರಿ ಅಕ್ಕಾರ. ಹೋದ ಸಲ ಕೂಸಿನ್ನ ಹತ್ರ ತಂದ್ರಿ, ಕೈ ನಡುಗಿ ಹಿಡಿಯಾಕ ಆಗ್ಲಿಲ್ಲ. ನನ್ನ ಮಗಳನ್ನ ಮೊದಲ ಎತ್ತಿಕೊಂಡಾಕಿ ನಾ ಅಲ್ರಿ."

ಮೊದಲ ಹೆರಿಗೆಯೂ ನಮ್ಮಲ್ಲೇ ಆಗಿತ್ತು. ಆ ಕೂಸನ್ನು ಒಯ್ದು ಹೊರಗೆ ಕಾದಿದ್ದ ಮನೆಯವರ ಕೈಗೆ ಕೊಟ್ಟವಳು ನಾನೇ, ನೆನಪು ಕೂಡ ಇರಲಿಲ್ಲ. ನಾಚಿಕೆಯಿಂದ ಸತ್ತುಹೋದ ಹಾಗಾಯಿತು.

ಬಾಗಲಕೋಟೆಯಿಂದ ಬರುವ ಅರಿವಳಿಕೆ ಡಾಕ್ಟರಮ್ಮನಿಗೆ ಹೇಳಿದೆ. ನಡುಕ ಬಂದ ಮೇಲೆ ಹೊದಿಸುವುದಕ್ಕಿಂತ ಸೂಜಿಗೆ ಮೊದಲೇ ಬೆಚ್ಚಗಿಡುವುದು ಮೇಲು, ಕೌದಿ ಒಳಗೆ ಬೇಡ, ಬಾಗಿಲವರೆಗೆ ಇರಲಿ ಎಂದರು. ಆಕೆಗೆ ನಾನೇ ಕೌದಿ ಹೊದಿಸಿ ಅರ್ಧ ಗಂಟೆ ಮಲಗಿಸಿದೆ, ಫ್ಯಾನು ಆರಿಸಿದೆ. ಪೆಟ್ಟಿಗೆಯಿಂದ ರೊಟ್ಟಿ ಡಬ್ಬಿ ಹೊರಗೆ ಬಂದವು, ಒರೆಸಿದ ಮೇಲೆ ಸಲೈನ್ ಬಾಟಲಿ, ಒಗೆದ ಕಂಬಳಿ ಒಳಗೆ ಹೋದವು. ಬಿಸಿ ಹೆಚ್ಚಾಗದ ಹಾಗೆ ನಿಂತು ನೋಡಿಕೊಂಡೆ. ಥಿಯೇಟರಿನ ಎ.ಸಿ.ಯ ತಂಪನ್ನೂ ಕಡಿಮೆ ಮಾಡಿದೆ.

"ಸಿಸ್ಟರ್, ನಾ ಇಲ್ಲಿ ಬೇಯಾಕತ್ತೇನಿ" ಎಂದರು ಆಪರೇಷನ್ ಮಾಡುವ ಡಾಕ್ಟರು.

"ಕೂಸು ಬರೂ ತನಕ ಬೇಯ್ರಿ ಸರ್" ಎಂದೆ. ಡಾಕ್ಟರಮ್ಮ ಮಾಸ್ಕಿನೊಳಗೇ ನಕ್ಕರು.

ಸೂಜಿ ಆಯಿತು. ನನ್ನ ಕಣ್ಣು ಆಕೆಯ ಗದ್ದದ ಮೇಲೇ ಇತ್ತು, ನಡುಕ ಶುರುವಾಗುವುದು ಅಲ್ಲಿಂದಲೇ. ಕೂಸು ಅಳುವ ಹೊತ್ತಿಗೆ ಗದ್ದ ಒಮ್ಮೆ ಅದುರಿತು. ಡಾಕ್ಟರಮ್ಮ ನಡುಕ ನಿಲ್ಲಿಸುವ ಔಷಧಿ ತುಂಬಿಟ್ಟಿದ್ದ ಸಿರಿಂಜು ಕೈಗೆತ್ತಿಕೊಂಡರು. ಗದ್ದ ಮತ್ತೆ ಅದುರಲಿಲ್ಲ, ಸಿರಿಂಜು ಬೇಕಾಗಲೂ ಇಲ್ಲ.

ಕೂಸನ್ನು ಆಕೆಯ ಎದೆಯ ಮೇಲೆ ಇಟ್ಟೆ, ಕೂಸಿನ ಬೆನ್ನಿಗೆ ನನ್ನ ಕೈ ಇತ್ತು. ಆಕೆಯ ಬೆರಳು ಒಂದೊಂದಾಗಿ ಬಂದು ಕೂಸಿನ ತಲೆಯನ್ನು ಹಿಡಿದವು. ಗಟ್ಟಿಯಾಗಿ, ಅಲುಗಾಡದೆ. ನಾನು ನಿಧಾನವಾಗಿ ನನ್ನ ಕೈ ಸಡಿಲ ಮಾಡಿದೆ.

ಹೊಲಿಗೆ ಮುಗಿದ ಮೇಲೆ ಇನ್ನೊಬ್ಬ ನರ್ಸನ್ನು ಬಳಿಯಲ್ಲಿ ನಿಲ್ಲಿಸಿ, ವಾರ್ಡಿಗೆ ಒಯ್ಯುವಾಗ ಹೊದಿಸಲೆಂದು ಕೌದಿ ತರಲು ಹೊರಗೆ ಬಂದೆ. ಆಕೆಯ ಅತ್ತೆ ರೂಢಿಯಂತೆ ಕೂಸಿಗಾಗಿ ಸೆರಗು ಚಾಚಿ ನಿಂತಿದ್ದರು. ನನ್ನ ಬರಿಗೈ ನೋಡಿ ಮುಖ ಕಪ್ಪಿಟ್ಟಿತು. ಕೂಸೆಲ್ಲಿ ಎಂದು ನನ್ನ ಹಿಂದಿನ ಬಾಗಿಲಿನತ್ತ ಇಣುಕಿದರು.

ಇಷ್ಟು ವರ್ಷ ಆ ಬಾಗಿಲಿನಿಂದ ಕೂಸು ಎತ್ತಿಕೊಂಡೇ ಬಂದವಳು ನಾನು. ಬರಿಗೈಯಲ್ಲಿ ಬಂದು ಅಷ್ಟು ಹೆಮ್ಮೆಯಿಂದ ನಿಂತದ್ದು ಅದೇ ಮೊದಲು.

"ಆರಾಮ ಐತ್ರಿ" ಎಂದೆ. "ಅವ್ವನ ಕೈಯಾಗ ಐತಿ. ಸ್ವಲ್ಪ ಕಾಯ್ರಿ."