ಗಾಜಿನ ಬೀರುವಿನ ಗ್ಲೌಸು

ಭಾವ, ನಿಮ್ಮ ಗಾಜಿನ ಬೀರುವಿನಲ್ಲಿರುವ ಆ ಗ್ಲೌಸು ನಿಮ್ಮ ರೇಸ್ ಡ್ರೈವರ್ ಅವರದ್ದಲ್ಲ. ಕೊಯಮತ್ತೂರಿನ ರೇಸ್ ಮೈದಾನದ ಹೊರಗೆ, ಟೈರುಗಳ ರಾಶಿಯ ಪಕ್ಕ ಬಿದ್ದಿತ್ತು — ಯಾರೋ ಮೆಕ್ಯಾನಿಕ್ಕಿನದಿರಬೇಕು. ಎತ್ತಿ ಜೇಬಿಗಿಟ್ಟುಕೊಂಡೆ. ಹನ್ನೊಂದು ವರ್ಷದಿಂದ ನೀವು ಅದಕ್ಕೆ ಗಂಧದಕಡ್ಡಿ ಹಚ್ಚುತ್ತಿದ್ದೀರಿ.

ಹೂಗ್ಯಂ ಕಡೆಯ ಕಾಡಂಚಿನ ರಸ್ತೆಯಲ್ಲಿ ಅವರ ರ‍್ಯಾಲಿ ಕಾರು ದೂಳೆಬ್ಬಿಸಿ ಹೋದದ್ದನ್ನು ನೋಡಿದ್ದೇ ನೋಡಿದ್ದು, ನಿಮಗೆ ಹುಚ್ಚು ಹಿಡಿಯಿತು. ಪೇಪರಿನ ತುಣುಕು, ಟಿಕೆಟ್ಟು, ಟೋಪಿ, ಆಟಿಕೆ ಕಾರು — ಅಕ್ಕ ಸೀರೆ ಇಡುತ್ತಿದ್ದ ಬೀರುವೇ ಅವರ ಪಾಲಾಯಿತು. ನಿಮ್ಮ ಮನೆಯಲ್ಲಿ ಮಗ್ಗಕ್ಕೆ ಹೊಸ ಹಾಸುನೂಲು ಹೂಡಿದರೆ ಮೊದಲು ನೇಯ್ದದ್ದು ಬೆಟ್ಟದ ಮಾದಪ್ಪನಿಗೆ. ಆ ಸಲ ಮಾತ್ರ ಮಾದಪ್ಪನಿಗೆ ತಪ್ಪಿಸಿ ಅವರಿಗೊಂದು ರೇಷ್ಮೆ ಶಲ್ಯ ನೇಯ್ದಿರಿ, ಅಂಚಿನಲ್ಲಿ ಜರಿಯಿಂದ ಅವರ ಹೆಸರು. ಯಾರದೋ ಮದುವೆ ಸೀರೆ ಮುಗಿಸಬೇಕಿತ್ತು. ನೀವೇ ಹೋಗಲಾಗದೆ ನನ್ನ ಕೈಗೆ ಕೊಟ್ಟಿರಿ.

ಕೊಯಮತ್ತೂರಿನಲ್ಲಿ ಅವರು ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ ಒಬ್ಬರೇ ನಿಂತು ಟೀ ಕುಡಿಯುತ್ತಿದ್ದರು. ತಡೆಯುವವರು ಯಾರೂ ಇರಲಿಲ್ಲ. ನನಗೆ — ನಾಚಿಕೆಯಾಯಿತು. ಪ್ಲಾಸ್ಟಿಕ್ ಕವರು, ಹವಾಯಿ ಚಪ್ಪಲಿ, ಬಾರದ ಇಂಗ್ಲಿಷು... ತಿರುಗಿ ಬಂದೆ. ಶಲ್ಯ ವಾಪಸು ತಂದರೆ ನನ್ನ ಹೇಡಿತನ ಗೊತ್ತಾಗುತ್ತದೆಂದು ಸತ್ಯಮಂಗಲದ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಬಿಟ್ಟೆ. ಮರೆತದ್ದಲ್ಲ, ಭಾವ. ಬಿಟ್ಟೆ.

ಮನೆಗೆ ಬಂದು, ಅವರೇ ಕೊಟ್ಟದ್ದೆಂದು ಆ ಗ್ಲೌಸನ್ನು ನಿಮ್ಮ ಕೈಗಿಟ್ಟೆ. “ಅವ್ರೇನಂದ್ರು, ಏಳ್ಲಾ,” ಅಂದಿರಿ.

“ನೇಯ್ದ ಕೈಗೆ ನಮಸ್ಕಾರ ಏಳಿ ಅಂದ್ರು ಭಾವ,” ಅಂದೆ.

ಮುಂದಿನ ವರ್ಷವೇ ಅವರು ಟ್ರ್ಯಾಕಿನಲ್ಲಿ ತೀರಿಕೊಂಡರು. ನನ್ನ ಸುಳ್ಳನ್ನು ಸುಳ್ಳೆನ್ನಬಲ್ಲವರು ಯಾರೂ ಉಳಿಯಲಿಲ್ಲ, ಬಚಾವಾದೆ ಅಂದುಕೊಂಡೆ — ಸಿಕ್ಕಿಬಿದ್ದದ್ದು ಆಗಲೇ. ವರ್ಷವರ್ಷವೂ ಅವರ ತಿಥಿಗೆ ಹೊನ್ನೂರಿನಿಂದ ನನ್ನನ್ನು ಕರೆಸಿ, ಬಂದವರೆದುರು ಅದೇ ಮಾತು ಹೇಳಿಸುತ್ತೀರಿ. ಬಸ್ಸು ತಪ್ಪಿತು ಅಂದರೆ ಆಟೋ ಕಳಿಸುತ್ತೀರಿ. ಸುತ್ತಲಿನವರೆಲ್ಲ ಪವರ್‌ಲೂಮಿಗೆ ಹೋದಾಗಲೂ, ಸೊಂಟ ಹಿಡಿದುಕೊಂಡಾಗಲೂ, ಆ ಒಂದು ಮಾತಿಗಾಗಿ ನೀವು ಕೈಮಗ್ಗ ಬಿಡಲಿಲ್ಲ. ಅಕ್ಕ ಬೈದದ್ದು ನಿಮ್ಮನ್ನು. ಬೈಸಿಕೊಳ್ಳಬೇಕಾಗಿದ್ದ ನಾನು ಅಲ್ಲೇ ಕೂತು ಅವಳು ಬಡಿಸಿದ್ದನ್ನು ಉಣ್ಣುತ್ತಿದ್ದೆ.

ಈಗ ಅವರ ಮಗಳು ಭಾನುವಾರ ನಿಮ್ಮ ಬೀರು ನೋಡಲು ಬರುತ್ತಾರಂತೆ. ಅಪ್ಪ ಆಡಿದ ಮಾತನ್ನು ನನ್ನ ಬಾಯಿಂದಲೇ ಕೇಳಬೇಕಂತೆ.

ನಾನು ಶನಿವಾರವೇ ಬರುತ್ತೇನೆ. ಈ ಕಾಗದ ಕೈಗಿಟ್ಟು ಓಡಿಹೋಗುವುದಿಲ್ಲ. ನೀವು ಓದಿ ಮುಗಿಸುವ ತನಕ ಎದುರಿಗೇ ಕೂತಿರುತ್ತೇನೆ. ಆಗಿನ್ನೂ ಚಿಕ್ಕವನು ಅನ್ನುವಂತಿಲ್ಲ, ಮೂವತ್ತಾಗಿತ್ತು. ಆ ಮಾತು ನಿಮ್ಮ ಕೆಲಸ ನೋಡಿ ನನಗೇ ಅನ್ನಿಸಿದ್ದು ಎಂದು ಜಾರಿಕೊಳ್ಳಬಹುದು... ಜಾರಿಕೊಳ್ಳುವುದಿಲ್ಲ. ಅವರು ನಿಮ್ಮ ಬಗ್ಗೆ ಏನೂ ಅಂದಿಲ್ಲ, ಭಾವ. ನೀವೊಬ್ಬರು ಇದ್ದೀರೆಂದೇ ಅವರಿಗೆ ಗೊತ್ತಿರಲಿಲ್ಲ.